ಬಿಳಿಗಿರಿಯಲ್ಲೊಂದು ದಿನ

ಬೆಂಗಳೂರಿನ ಮೂಡಣ ದಿಕ್ಕಿನಲ್ಲಿ, ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ಹೋಗುವ ಹಾದಿಯಲ್ಲಿ ಗರುಡಾಚಾರ್‌ಪಾಳ್ಯವೆಂಬ ಊರಿದೆ. ಊರೆಂದರೆ ಈಗ ಹೆಸರಿಗೆ ಮಾತ್ರ. ನಗರವು ಅದನ್ನು ಎಂದೋ ತನ್ನೊಳಗೆ ಸೇರಿಸಿಕೊಂಡಿದೆ. 2023ರ ಮಾರ್ಚ್ ತಿಂಗಳಲ್ಲಿ ಮೆಟ್ರೊ ರೈಲು ಇತ್ತ ಓಡತೊಡಗಿದಾಗ ಆ ಹೆಸರು ನಿಲ್ದಾಣದ ಫಲಕವನ್ನೇರಿತು. ಅಲ್ಲಿನ ನಮ್ಮ ಶಾಲೆಯ ಮಕ್ಕಳು ಕೃಷ್ಣರಾಜಪುರ, ಸಿಂಗಯ್ಯನಪಾಳ್ಯ, ಗರುಡಾಚಾರ್‌ಪಾಳ್ಯ, ಹೂಡಿ, ಸೀತಾರಾಮಪಾಳ್ಯ ಎಂದು ನಿಲ್ದಾಣಗಳನ್ನು ಮಗ್ಗಿಯಂತೆ ಒಪ್ಪಿಸಬಲ್ಲರು. ಆದರೆ ಶಾಲೆಯ ಅಂಗಳದ ಹೊಂಗೆಯ ಮರವನ್ನು ತೋರಿಸಿ ಇದು ಯಾವ ಮರವೆಂದು ಕೇಳಿದಾಗ ಇಡೀ ತರಗತಿಯಲ್ಲಿ ಇಬ್ಬರು ಮಾತ್ರ ಕೈಯೆತ್ತಿದರು. ಆ ದಿನವೇ ಇವರನ್ನು ಕಾಡಿಗೆ ಕರೆದೊಯ್ಯಬೇಕೆಂಬ ಆಲೋಚನೆ ನನ್ನಲ್ಲಿ ಮೂಡಿತು.

ಸೆಪ್ಟೆಂಬರಿನ ಒಂದು ಶನಿವಾರ, ಬೆಳಗಿನ ಜಾವ ನಾಲ್ಕು ಗಂಟೆಗೆ, ಇಪ್ಪತ್ತು ವಿದ್ಯಾರ್ಥಿಗಳೊಡನೆ ಸಣ್ಣದೊಂದು ಬಸ್ಸಿನಲ್ಲಿ ಹೊರಟೆವು. ಜಲಪಾತ, ವನ್ಯಮೃಗ, ಕಾಡಿನ ಜನ, ಈ ಮೂರನ್ನೂ ಒಂದೇ ದಿನದಲ್ಲಿ ಕಂಡು ಹಿಂದಿರುಗಬೇಕೆಂಬುದು ನಮ್ಮ ಸಂಕಲ್ಪ. ಅದು ಅತಿಯಾಸೆಯೆಂದು ನನಗೂ ಗೊತ್ತಿತ್ತು. ಕಾಡು ಒಂದು ದಿನದಲ್ಲಿ ತಿಳಿಯುವಂಥದಲ್ಲ. ಆದರೂ ಮಲೆನಾಡಿನ ಆಗುಂಬೆಗೆ ಹೋದರೆ ಒಂದು ಹಗಲು ಪ್ರಯಾಣಕ್ಕೇ ಸಾಲದು. ಬಿಳಿಗಿರಿರಂಗನ ಬೆಟ್ಟವಾದರೆ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳ ಮಾರ್ಗವಾಗಿ ನಡುಹಗಲಿಗೆ ಮುನ್ನ ತಲುಪಬಹುದು. ದಾರಿಯಲ್ಲಿ ಕಾವೇರಿಯೂ ಸಿಗುತ್ತಾಳೆ.

ಹಲಗೂರನ್ನು ದಾಟಿದ ಮೇಲೆ ತೊರೆಕಾಡನಹಳ್ಳಿ. ಬೆಂಗಳೂರಿಗೆ ಕುಡಿಯುವ ನೀರು ಹೋಗುವುದು ಇಲ್ಲಿಂದ. ಶಿವನಸಮುದ್ರದ ಬಳಿ ನದಿಯಿಂದ ಪಡೆದ ನೀರನ್ನು ಇಲ್ಲಿ ಶುದ್ಧೀಕರಿಸಿ, ಸುಮಾರು 100 ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ಯಂತ್ರಗಳ ಬಲದಿಂದ ತಳ್ಳುತ್ತಾರೆ. ಈ ಯೋಜನೆಯ ಮೊದಲ ಹಂತ ಮುಗಿದದ್ದು 1974ರಲ್ಲಿ. ಐದನೆಯ ಹಂತಕ್ಕೆ ಚಾಲನೆ ದೊರೆತದ್ದು 2024ರ ಅಕ್ಟೋಬರಿನಲ್ಲಿ. ನಿದ್ದೆಗಣ್ಣಿನ ಮಕ್ಕಳಿಗೆ ಇದನ್ನು ಹೇಳಿದಾಗ ಒಬ್ಬ ಹುಡುಗ ತನ್ನ ಕೈಯಲ್ಲಿದ್ದ ನೀರಿನ ಸೀಸೆಯನ್ನೊಮ್ಮೆ, ಕಿಟಕಿಯ ಹೊರಗನ್ನೊಮ್ಮೆ ನೋಡಿದ.

ಶಿವನಸಮುದ್ರದಲ್ಲಿ ಕಾವೇರಿಯು ಇಬ್ಭಾಗವಾಗಿ, ನಡುವೆ ದ್ವೀಪವೊಂದನ್ನು ಬಳಸಿ, ಪಡುವಣ ಕವಲಿನಲ್ಲಿ ಗಗನಚುಕ್ಕಿಯಾಗಿಯೂ ಮೂಡಣ ಕವಲಿನಲ್ಲಿ ಭರಚುಕ್ಕಿಯಾಗಿಯೂ ಧುಮುಕುತ್ತಾಳೆ. ಅಂದು ಮಳೆಗಾಲದ ನೀರು ತುಂಬಿ ಹರಿಯುತ್ತಿತ್ತು. ಸುಮಾರು 90 ಮೀಟರ್ ಎತ್ತರದಿಂದ, ಬಂಡೆಯಿಂದ ಬಂಡೆಗೆ ಒಡೆದು, ಹಾಲಿನಂತೆ ನೊರೆಯಾಗಿ ಬೀಳುವ ಗಗನಚುಕ್ಕಿಯನ್ನು ಕಂಡು ಮಕ್ಕಳು ಮಾತು ಮರೆತರು. ಮಾತನಾಡಿದ್ದರೂ ಆ ಭೋರ್ಗರೆತದಲ್ಲಿ ಕೇಳಿಸುತ್ತಿರಲಿಲ್ಲ. ಈ ನೀರಿನ ಬಲವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಕಾರ್ಯಕ್ಕೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಹಾಕಲಾಯಿತು. 1902ರಲ್ಲಿ ಇಲ್ಲಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುತ್ತು ಹರಿಯಿತು. ನಗರವು ನೀರನ್ನೂ ಬೆಳಕನ್ನೂ ಈ ಒಂದೇ ಮಡುವಿನಿಂದ ಬೇಡಿ ಪಡೆದಿದೆಯೆನ್ನಬಹುದು. ಬುತ್ತಿಯ ಇಡ್ಲಿಯನ್ನು ಅಲ್ಲಿಯೇ ಮುಗಿಸಿ ಮುಂದೆ ಸಾಗಿದೆವು.

ಯಳಂದೂರು ಕಳೆದು ಬೆಟ್ಟದ ಬುಡದ ತಪಾಸಣಾ ಕೇಂದ್ರದಲ್ಲಿ ನಮಗಾಗಿ ಒಬ್ಬರು ಕಾದಿದ್ದರು. ತಲೆಗೊಂದು ಬಿಳಿಯ ವಸ್ತ್ರ, ಕೈಯಲ್ಲೊಂದು ಕೋಲು, ಎಪ್ಪತ್ತರ ವಯಸ್ಸು. ಮೈಮಾತ್ರ ಬಿದಿರಿನಂತೆ ನೆಟ್ಟಗೆ. ಅವರು ಸೋಲಿಗರು. ತಮ್ಮ ಕುಲ ಬಿದಿರಿನಿಂದ ಹುಟ್ಟಿತೆಂದು ಸೋಲಿಗರು ಹೇಳಿಕೊಳ್ಳುವುದುಂಟು. ಕರ್ನಾಟಕದಲ್ಲಿ ಇವರ ಸಂಖ್ಯೆ ಮೂವತ್ತು ಸಾವಿರಕ್ಕೂ ಹೆಚ್ಚು. ಬಿಳಿಗಿರಿಯ ಒಳಗೂ ಸುತ್ತಲೂ ಇವರ ಅರುವತ್ತರಷ್ಟು ಪೋಡುಗಳಿವೆ. ಪೋಡು ಎಂದರೆ ಸೋಲಿಗರ ಹಾಡಿ. ಅವರನ್ನು ಮಾರ್ಗದರ್ಶಕರೆಂದು ನಾನು ಪರಿಚಯಿಸಿದೆ. ಮಕ್ಕಳು ಕೂಡಲೇ "ತಾತ" ಎಂದು ಕರೆಯತೊಡಗಿದರು.

ಬಸ್ಸು ತಿರುವುಗಳನ್ನು ಏರಿದಂತೆ ಕಾಡು ತನ್ನ ಉಡುಗೆಯನ್ನು ಬದಲಿಸುತ್ತ ಹೋಯಿತು. ಬುಡದಲ್ಲಿ ಮುಳ್ಳಿನ ಕುರುಚಲು, ಅದರ ಮೇಲೆ ಎಲೆಯುದುರಿಸುವ ಮರಗಳ ಕಾಡು, ಇನ್ನೂ ಮೇಲೆ, ಮಂಜು ತಂಗುವ ಕಣಿವೆಗಳಲ್ಲಿ, ಸದಾ ಹಸಿರಾದ ಮಳೆಕಾಡು, ನೆತ್ತಿಯಲ್ಲಿ ಹುಲ್ಲುಗಾವಲು. ಪಡುವಣ ಘಟ್ಟಗಳನ್ನೂ ಮೂಡಣ ಘಟ್ಟಗಳನ್ನೂ ಬೆಸೆಯುವ ಸೇತುವೆಯಂತಿದೆ ಈ ಗಿರಿಶ್ರೇಣಿ. ಆದುದರಿಂದಲೇ ಎರಡೂ ಕಡೆಯ ಗಿಡಮರಗಳೂ ಪ್ರಾಣಿಗಳೂ ಇಲ್ಲಿ ಸಂಧಿಸುತ್ತವೆ. ಇನ್ನೂರೈವತ್ತಕ್ಕೂ ಹೆಚ್ಚು ಬಗೆಯ ಹಕ್ಕಿಗಳನ್ನು ಇಲ್ಲಿ ಗುರುತಿಸಲಾಗಿದೆ. ನಮಗೆ ಕಾಡೆಂಬುದು ಒಂದೇ ಮಾತು. ತಾತನಿಗೆ ಹಾಗಲ್ಲ. "ಇದು ನಾಡುಕಾಡು. ಆ ಕಣಿವೆಯೊಳಗಿನದು ಕಾನು. ಬಿಸಿಲೇ ನೆಲ ಮುಟ್ಟದು ಅಲ್ಲಿ" ಎಂದು ಅವರು ಕೋಲಿನಿಂದ ತೋರುತ್ತ ಬಂದರು.

ಬಿಳಿಯ ಬಂಡೆಯ ಅಂಚಿನಲ್ಲಿರುವ ರಂಗನಾಥನ ದೇಗುಲಕ್ಕೆ ಹೋದಾಗ ತಾತ ಕೈಮುಗಿದು, "ಇವನು ನಮಗೆ ಭಾವ" ಎಂದರು. ಮಕ್ಕಳು ನಕ್ಕರು. ಅವರು ನಗಲಿಲ್ಲ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ರಂಗನಾಥ ಮೆಚ್ಚಿ ವರಿಸಿದನೆಂಬುದು ಅವರ ನಂಬಿಕೆ. ಅಂದಮೇಲೆ ದೇವರು ಮನೆಯ ಅಳಿಯನಾದ, ಊರಿಗೆಲ್ಲ ಭಾವನಾದ. ದೇವರೊಡನೆ ಇಷ್ಟು ಸಲಿಗೆಯ ನಂಟು ಬೆಳೆಸಿದ ಜನರು ವಿರಳವೆಂದು ನನಗೆ ತೋರಿತು.

ಅಲ್ಲಿಂದ ಇಳಿದು ಪೋಡಿಗೆ ಹೋದೆವು. ಹೆಂಚಿನ ಮನೆಗಳು, ಅಂಗಳದ ಸುತ್ತ ಕಾಫಿಯ ಗಿಡಗಳು. ರಾಗಿ ಮುದ್ದೆ, ಸೊಪ್ಪಿನ ಸಾರು ನಮಗಾಗಿ ಸಿದ್ಧವಾಗಿದ್ದುವು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಒಬ್ಬ ಹುಡುಗಿ ಕೇಳಿದಳು: "ತಾತ, ಈ ಕಾಡಿನಲ್ಲಿಯೂ ಜಲಪಾತ ಇದೆಯೆ?"

"ಅಬ್ಬಿಗಳಿವೆ, ಕೂಸೇ" ಎಂದರು ಅವರು.

ಮಲೆನಾಡಿನಲ್ಲಿ, ಕೊಡಗಿನಲ್ಲಿ ಅಬ್ಬಿಯೆಂದರೆ ಜಲಪಾತ. ಸೋಲಿಗರಲ್ಲಿ ಅದು ತೊರೆ, ಊಟೆ. ಅಷ್ಟೇ ಅಲ್ಲ, ಪೂಜೆಯ ತಾಣವೂ ಹೌದು. ತಾತ ವಿವರಿಸಿದುದರ ಸಾರ ಹೀಗಿದೆ. ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಆದ ನೆಲೆಯುಂಟು. ಅದನ್ನು ಯೆಲ್ಲೆ ಎನ್ನುತ್ತಾರೆ. ಆ ಯೆಲ್ಲೆಯೊಳಗೆ ಒಂದು ದೇವರು, ಒಂದು ಮಾರಮ್ಮ, ಒಂದು ವೀರು, ಹಿರಿಯರನ್ನು ಹೂಳಿದ ನೆಲದ ಕಲ್ಲುಗುಡಿ ಮತ್ತು ಒಂದು ಅಬ್ಬಿ ಇರುತ್ತವೆ. ಕುಲದವರು ಅವುಗಳಿಗೆ ನಡೆದುಕೊಳ್ಳಬೇಕು. ಹುಲಿಯೂ ಅವರಿಗೆ ಹುಲಿವೀರಪ್ಪನೆಂಬ ದೇವರೇ. ಕಾಡಿನ ನಡುವೆ, ಹಳ್ಳದ ದಡದಲ್ಲಿ, ನೂರಾರು ವರ್ಷಗಳ ಪ್ರಾಯದ ದೊಡ್ಡ ಸಂಪಿಗೆ ಮರವಿದೆ. ಅದು ಸೋಲಿಗರೆಲ್ಲರ ಆರಾಧ್ಯ. ಅಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಪ್ರತ್ಯೇಕ ಅನುಮತಿ ಬೇಕು. ಅಂದು ಅದು ನಮ್ಮಲ್ಲಿರಲಿಲ್ಲ.

ಹುಡುಗಿ ಬಿಡಲಿಲ್ಲ. "ಅಬ್ಬಿಗಳ ಹೆಸರು ಹೇಳಿ" ಎಂದಳು. ತಾತ ಕಣ್ಣುಮುಚ್ಚಿ, ಬೆರಳ ಗೆಣ್ಣುಗಳನ್ನು ಎಣಿಸುತ್ತ, ಬೆಟ್ಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಒಂದೊಂದಾಗಿ ಹೇಳುತ್ತ ಹೋದರು. ಮೆಟ್ರೊ ನಿಲ್ದಾಣಗಳನ್ನು ಒಪ್ಪಿಸುವ ನಮ್ಮ ಹುಡುಗರು ಬೆರಗಾಗಿ ಕೇಳಿದರು.

ಈ ಹೆಸರುಗಳು ಬಾಯಲ್ಲಷ್ಟೇ ಉಳಿದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಬಂದಿತು. 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾಯಿತು. ಬೇಟೆ ನಿಂತಿತು. ಒಂದು ತಾಣದಲ್ಲಿ ಕೆಲವು ವರ್ಷ ರಾಗಿ ಬೆಳೆದು, ನೆಲಕ್ಕೆ ಬಿಡುವು ಕೊಟ್ಟು, ಮತ್ತೊಂದೆಡೆಗೆ ಹೋಗುವ ಬೇಸಾಯವೂ ನಿಂತಿತು. ಕಾಡಿನೊಳಗೆ ಚದುರಿದ್ದ ಸೋಲಿಗರನ್ನು ರಸ್ತೆಯ ಬದಿಯ ಪೋಡುಗಳಲ್ಲಿ ನೆಲೆಗೊಳಿಸಿದರು. ಆಗ ತಾತನಿಗೆ ಇಪ್ಪತ್ತರ ಹರೆಯ. "ನಮ್ಮ ಕಲ್ಲುಗುಡಿಗೆ ಹೋಗಲು ಕೇಳಿಕೊಂಡು ಹೋಗಬೇಕಾಯಿತು" ಎಂದಷ್ಟೇ ಹೇಳಿ ಅವರು ಸುಮ್ಮನಾದರು. ಜೇನು, ನೆಲ್ಲಿ, ಪಾಚಿಗಳನ್ನು ಸಂಗ್ರಹಿಸಿ ಸಹಕಾರ ಸಂಘದ ಮೂಲಕ ಮಾರುವುದೊಂದೇ ಉಳಿದ ಆದಾಯ. 2006ರ ಸುಮಾರಿಗೆ ಅದಕ್ಕೂ ತಡೆ ಬಿದ್ದಿತು. ಕಾಡನ್ನು ಉಳಿಸಬೇಕೆಂಬ ಉದ್ದೇಶ ಸರಿಯಾದುದೇ. ಆದರೆ ಕಾಡನ್ನು ಬಲ್ಲವರನ್ನೇ ಹೊರಗಿಟ್ಟು ಅದನ್ನು ಉಳಿಸುವುದೆಂತು ಎಂಬ ಪ್ರಶ್ನೆಯನ್ನು ಆಗ ಕೇಳಿದವರು ಕಡಿಮೆ.

ಅದೇ 2006ರಲ್ಲಿ ಅರಣ್ಯ ಹಕ್ಕುಗಳ ಕಾಯಿದೆಯೂ ಅಂಗೀಕಾರವಾದುದು ವಿಚಿತ್ರವೇ ಸರಿ. ತಮ್ಮ ನೆಲೆಯನ್ನು ತೋರಿಸಿಕೊಟ್ಟರೆ ಸೋಲಿಗರಿಗೆ ಹಕ್ಕು ದೊರೆಯಬಹುದಾಗಿತ್ತು. ಏಟ್ರೀ ಎಂಬ ಸಂಶೋಧನ ಸಂಸ್ಥೆಯವರೊಡನೆ ಸೋಲಿಗ ಹಿರಿಯರು ಕಾಡೆಲ್ಲ ಅಲೆದು, ಉಪಗ್ರಹಗಳ ನೆರವಿನಿಂದ ಸ್ಥಾನ ತಿಳಿಸುವ ಉಪಕರಣವನ್ನು ಹಿಡಿದು, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳನ್ನು ಒಂದೊಂದಾಗಿ ಗುರುತು ಮಾಡಿದರು. ನಾನೂರಕ್ಕೂ ಹೆಚ್ಚು ತಾಣಗಳ ನಕ್ಷೆ ಸಿದ್ಧವಾಯಿತು. ಬಾಯಿಮಾತು ದಾಖಲೆಯಾಯಿತು. 2011ರ ಮೊದಲಲ್ಲಿ ಬಿಳಿಗಿರಿಯನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದಾಗ ಸೋಲಿಗರು ಮತ್ತೆ ಅಂಜಿದರು. ಆದರೆ ಅದೇ ವರ್ಷ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. ಹುಲಿಗಳ ನೆಲೆಯೊಳಗೆ ಆದಿವಾಸಿಗಳಿಗೆ ಇಂಥ ಹಕ್ಕು ದೊರೆತುದು ದೇಶದಲ್ಲಿ ಅದೇ ಮೊದಲೆನ್ನುತ್ತಾರೆ. ಇದರಿಂದ ಹುಲಿಗೆ ಕೇಡಾಯಿತೆ? 2010ಕ್ಕೂ 2014ಕ್ಕೂ ನಡುವೆ ಇಲ್ಲಿಯ ಹುಲಿಗಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಸಿತೆಂದು ಎಣಿಕೆಗಳು ತಿಳಿಸಿದವು.

ಮಧ್ಯಾಹ್ನ ಇಲಾಖೆಯ ವಾಹನದಲ್ಲಿ ಕಾಡಿನೊಳಗೆ ಹೋದೆವು. ಹುಡುಗರಿಗೆ ಹುಲಿಯದೇ ಧ್ಯಾನ. ಚುಕ್ಕೆ ಜಿಂಕೆಗಳ ಹಿಂಡು, ಬಿಳಿಯ ಕಾಲುಚೀಲ ತೊಟ್ಟಂತೆ ನಿಂತ ಕಾಟಿ, ಕೊಂಬೆಯಿಂದ ಕೊಂಬೆಗೆ ಹಾರಿದ ಕೆಂದಳಿಲು, ಬಾಲದ ಎರಡು ಎಳೆಗಳನ್ನು ತೇಲಿಸುತ್ತ ಹೋದ ಭೀಮರಾಜ, ಎಲ್ಲವನ್ನೂ ಕಂಡರೂ ಅವರ ಮುಖ ಅರಳಲಿಲ್ಲ. ಒಂದೆಡೆ ತಾತ ಕೈಯೆತ್ತಿ ವಾಹನವನ್ನು ನಿಲ್ಲಿಸಿದರು. ಮರದ ತುದಿಯಿಂದ ಮುಸುವವೊಂದು ಒರಟಾಗಿ ಕೆಮ್ಮಿದಂತೆ ಕೂಗಿತು. ಸ್ವಲ್ಪ ಹೊತ್ತಿಗೆ ಕಣಿವೆಯ ಕಡೆಯಿಂದ ಕಡವೆಯ ಕೂಗು. "ಎದ್ದು ನಡೆದಿದೆ. ಹಳ್ಳದ ಕಡೆಗೆ ಇಳಿಯುತ್ತಿದೆ" ಎಂದು ತಾತ ಪಿಸುಗುಟ್ಟಿದರು. ಮುಂದೆ ಹೋದಾಗ ಒದ್ದೆಯ ಮಣ್ಣಿನಲ್ಲಿ ಹೆಜ್ಜೆಯ ಗುರುತಿತ್ತು. ಅದರೊಳಗೆ ನೀರು ಇನ್ನೂ ಜಿನುಗುತ್ತಿತ್ತು. ಹುಲಿ ಕಾಣಲಿಲ್ಲ. ಆದರೆ ಹುಡುಗರು ಉಸಿರು ಬಿಗಿಹಿಡಿದು ಕುಳಿತಿದ್ದ ಅಷ್ಟು ಹೊತ್ತು ಅವರೆಂದೂ ನನ್ನ ಪಾಠಕ್ಕೆ ಕುಳಿತುದಿಲ್ಲ. ಸೋಲಿಗರ ಈ ವಿದ್ಯೆಯನ್ನು ಹಿಂದೆಯೇ ಬಲ್ಲವನೊಬ್ಬನಿದ್ದ. ಮೈಸೂರು ಸೀಮೆಯಲ್ಲಿ ಆನೆಗಳನ್ನು ಹಿಡಿಯಲು ಖೆಡ್ಡಾ ನಡೆಸಿದ ಸ್ಯಾಂಡರ್‌ಸನ್ ಈ ಬೆಟ್ಟಗಳಲ್ಲಿ ಹೆಜ್ಜೆ ನೋಡಲು ಸೋಲಿಗರನ್ನು ನೆಚ್ಚಿದ್ದ. 1878ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಅವರ ಮಾತು ಬರುತ್ತದೆ.

ದಾರಿಯ ಇಕ್ಕೆಲಗಳಲ್ಲಿಯೂ ಮೊಣಕಾಲೆತ್ತರದಿಂದ ಆಳೆತ್ತರದವರೆಗೆ ಒಂದೇ ಬಗೆಯ ಪೊದೆ ಹಬ್ಬಿತ್ತು. ಬಣ್ಣಬಣ್ಣದ ಸಣ್ಣ ಹೂಗಳು. ಮಕ್ಕಳಿಗೆ ಅದು ಚೆಲುವಾಗಿ ಕಂಡಿತು. ತಾತನ ಮುಖ ಮಾತ್ರ ಕಹಿಯಾಯಿತು. ಅದು ಲಂಟಾನ, ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದ ಗಿಡ. ಬಿಳಿಗಿರಿಯಲ್ಲಿ 1997ರಿಂದ 2008ರ ಒಳಗೆ ಅದರ ಹರಹು ಸುಮಾರು ಇಮ್ಮಡಿಯಾಯಿತೆಂದು ಸಂಶೋಧಕರು ಅಳೆದಿದ್ದಾರೆ. ಅದರಡಿಯಲ್ಲಿ ಹುಲ್ಲು ಬೆಳೆಯದು, ಸಸಿ ಏಳದು.

"ಮೊದಲು ನಾವು ತರಗು ಬೆಂಕಿ ಇಡುತ್ತಿದ್ದೆವು" ಎಂದರು ತಾತ. ಚಳಿಗಾಲ ಮುಗಿಯುತ್ತಲೇ, ನೆಲದಲ್ಲಿ ಇನ್ನೂ ತೇವವಿರುವಾಗ, ಉದುರಿದ ಎಲೆಗೆ ಕಿಚ್ಚಿಡುತ್ತಿದ್ದರಂತೆ. ಅದು ಮೊಣಕಾಲಿಗಿಂತ ಮೇಲೇಳದೆ ತರಗನ್ನಷ್ಟೇ ಸುಟ್ಟು ಆರಿಹೋಗುತ್ತಿತ್ತು. ಹೊಸ ಹುಲ್ಲು ಚಿಗುರುತ್ತಿತ್ತು. ನೆಲ್ಲಿಯ ಮರವನ್ನು ಹೀರುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು. ಅದನ್ನು ಸೋಲಿಗರು ಉಪ್ಪಿಲು ಎನ್ನುತ್ತಾರೆ. ಬೆಂಕಿ ನಿಷಿದ್ಧವಾದ ಮೇಲೆ ತರಗು ರಾಶಿಬಿದ್ದು, ಲಂಟಾನ ದಟ್ಟವಾಗಿ, ಈಗ ಅಕಸ್ಮಾತ್ತಾಗಿ ಬೀಳುವ ಬೆಂಕಿ ಮರದ ತುದಿಯನ್ನೇ ಮುಟ್ಟುತ್ತದೆ. ಎಲ್ಲ ವಿಜ್ಞಾನಿಗಳೂ ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಲಂಟಾನ ಹಬ್ಬಲು ಬೇರೆ ಕಾರಣಗಳೂ ಇವೆ. ಆದರೆ ಸೋಲಿಗರ ಮಾತನ್ನು ವಿಜ್ಞಾನಿಗಳು ಈಗ ಗಮನವಿಟ್ಟು ಕೇಳುತ್ತಿದ್ದಾರೆ. ಈ ಬೆಟ್ಟಗಳಲ್ಲಿ ಕಂಡ ಒಂದು ಕಣಜದ ಹೊಸ ಕುಲಕ್ಕೆ 2022ರಲ್ಲಿ ಸೋಲಿಗ ಎಂದೇ ಹೆಸರಿಟ್ಟರು.

"ಜೇನು ಕಿತ್ತರೆ ಹುಲಿಗೂ ಪಾಲಿಡುತ್ತೇವೆ" ಎಂದು ತಾತ ಹೇಳಿದಾಗ ಹುಡುಗನೊಬ್ಬ, "ಹುಲಿ ಜೇನು ತಿನ್ನುತ್ತದೆಯೇ?" ಎಂದು ಅನುಮಾನಿಸಿದ. "ಮರ ಹತ್ತಲಾರದಲ್ಲ ಅದು, ಕೆಳಗೆ ಒಂದು ತುಂಡು ಬಿಟ್ಟು ಬರುತ್ತೇವೆ. ತಿಂದರೆ ತಿನ್ನಲಿ, ತಿನ್ನದಿದ್ದರೆ ಇರುವೆಗೆ" ಎಂಬ ಉತ್ತರ ಬಂದಿತು.

ಸಂಜೆ ಆರರೊಳಗೆ ತಪಾಸಣಾ ಕೇಂದ್ರವನ್ನು ದಾಟಬೇಕು. ಆಮೇಲೆ ದಾರಿ ಮೃಗಗಳದು. ಪೋಡಿನ ತಿರುವಿನಲ್ಲಿ ತಾತ ಬಸ್ಸಿನಿಂದಿಳಿದರು. ಆ ಹುಡುಗಿ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದ ಅಬ್ಬಿಗಳ ಹೆಸರುಗಳನ್ನು ಕಿಟಕಿಯಿಂದ ಓದಿ ಹೇಳಿದಳು. ಅವರು ನಿಂತು ಕೇಳಿದರು, ಎರಡನ್ನು ತಿದ್ದಿದರು, ಒಂದು ಬಿಟ್ಟುಹೋಗಿದೆಯೆಂದು ಹೇಳಿ ಅದನ್ನೂ ಬರೆಸಿದರು. ಆಮೇಲೆ ಕೋಲನ್ನು ಹೆಗಲಿಗೇರಿಸಿ, ಮಂಜು ಇಳಿಯುತ್ತಿದ್ದ ಕಾಲುದಾರಿಯಲ್ಲಿ ಮನೆಯ ಕಡೆಗೆ ನಡೆದರು.