ತಾರಸಿಯ ಮೇಲೆ ಕಟ್ಟಿಹಾಕಿದ ನಾಯಿ

ಪ್ರಶ್ನೆ: ಪಕ್ಕದ ಮನೆಯವರು ನಾಯಿಯನ್ನು ತಾರಸಿಯ ಮೇಲೆ ಕಟ್ಟಿ ಕೆಲಸಕ್ಕೆ ಹೋಗುತ್ತಾರೆ. ನೆರಳಿಲ್ಲ, ಎಷ್ಟೋ ದಿನ ನೀರೂ ಇರುವುದಿಲ್ಲ. ದೂರು ಕೊಡಬಹುದೇ? ಯಾರಿಗೆ?
– ಓದುಗರೊಬ್ಬರು, ದಾವಣಗೆರೆ

ಧಾರಾಳವಾಗಿ ಕೊಡಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಹೊಡೆದರಷ್ಟೇ ಹಿಂಸೆಯಲ್ಲ. ಸಾಕಿದವರು ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದೂ ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದೂ ಹಿಂಸೆಯೇ. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿದ್ದರೆ ಅದೂ ಅಪರಾಧ. ನಾಯಿಯ ವಾಕಿಂಗಿಗೂ ಕಾನೂನುಂಟು ಎಂದರೆ ಜನ ನಗುತ್ತಾರೆ.

ದಂಡದ ಮೊತ್ತ ಕೇಳಿದರಂತೂ ಇನ್ನೂ ನಗು. ಮೊದಲ ಸಲ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಾಗಾಗಿ ‘ಕೇಸು ಹಾಕಿ ಬುದ್ಧಿ ಕಲಿಸುತ್ತೇನೆ’ ಎಂದು ಹೊರಟರೆ ನಿಮಗೇ ಬೇಸರವಾದೀತು. ನಾಯಿಗೆ ನೀರು ನೆರಳು ಸಿಕ್ಕರೆ ಸಾಕು ಅನ್ನುವುದಾದರೆ ಮೊದಲು ಒಂದು ಮಾತು ಆಡಿ ನೋಡಿ. “ಬಿಸಿಲು ಜೋರಿದೆ ಅಕ್ಕ, ಮಧ್ಯಾಹ್ನ ನಾವೇ ನೀರು ಇಡ್ಲಾ?” ಅಂದರೆ ಎಷ್ಟೋ ಕಡೆ ಅಲ್ಲಿಗೇ ಮುಗಿಯುತ್ತದೆ. ಹೊಡೆತ, ವಿಷ, ಗಾಯ ಕಂಡರೆ ಮಾತ್ರ ಮಾತುಕತೆಗೆ ಕೂರಬೇಡಿ, 112ಕ್ಕೆ ಫೋನ್ ಮಾಡಿ. ಪ್ರಾಣಿಯನ್ನು ಕೊಲ್ಲುವುದು, ಅಂಗ ಊನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂಗೆ ಬರುತ್ತದೆ. ಅದಕ್ಕೆ ಐದು ವರ್ಷದವರೆಗೆ ಶಿಕ್ಷೆಯುಂಟು.

ಮಾತು ನಡೆಯದಿದ್ದರೆ ಬರವಣಿಗೆ. ‘ಅವರು ಕಲ್ಲುಹೃದಯದವರು’ ಎಂದು ಬರೆದರೆ ಜಗಳದ ವಾಸನೆ ಬರುತ್ತದೆ. ಕಂಡದ್ದನ್ನಷ್ಟೇ ಹೀಗೆ ಬರೆಯಿರಿ: ‘ಏಪ್ರಿಲ್ 14, ಮಧ್ಯಾಹ್ನ 1.20. ಸ್ಟೀಲ್ ಬೋಗುಣಿ ಒಣಗಿ ಬೋರಲು ಬಿದ್ದಿದೆ. ಸಿಂಟೆಕ್ಸ್ ಟ್ಯಾಂಕಿನ ಬುಡದಲ್ಲಿ ಗೇಣಗಲ ನೆರಳಿದೆ. ಸರಪಳಿ ಎಟುಕದೆ ನಾಯಿ ತಲೆಯನ್ನಷ್ಟೇ ಅಲ್ಲಿಟ್ಟು ಮಲಗಿದೆ. ಸಂಜೆ 6.40ಕ್ಕೆ ಮನೆಯವರು ನೀರಿಟ್ಟರು.’ ಆ ಕೊನೆಯ ಸಾಲನ್ನು ಬಿಡಬೇಡಿ. ಅವರು ಮಾಡಿದ ಒಳ್ಳೆಯದನ್ನೂ ಬರೆದವರ ಮಾತಿಗೆ ತೂಕ ಹೆಚ್ಚು. ನಾಲ್ಕೈದು ದಿನ ಹೀಗೆ ಬರೆದಿಡಿ, ಫೋಟೋವನ್ನು ನಿಮ್ಮ ತಾರಸಿಯಿಂದಲೇ ತೆಗೆಯಿರಿ. ಕಾಂಪೌಂಡ್ ಹಾರಿ ನಾಯಿ ಬಿಚ್ಚಿಕೊಂಡು ಬಂದರೆ ಅತಿಕ್ರಮಣ, ಕಳ್ಳತನ ಎಂಬ ದೂರು ನಿಮ್ಮ ಮೇಲೇ ತಿರುಗೀತು. ಫೋಟೋವನ್ನು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕುವ ಆಸೆಯನ್ನೂ ಅದುಮಿಡಿ.

ಠಾಣೆಯಲ್ಲಿ “ಇದಕ್ಕೆ ಎಫ್ಐಆರ್ ಆಗಲ್ಲ ಸ್ವಾಮಿ” ಎನ್ನಬಹುದು. ಅದು ಸುಳ್ಳಲ್ಲ. ನೀರು ಕೊಡದ, ಕಟ್ಟಿಹಾಕಿದ ಪ್ರಕರಣಗಳು ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಆದರೆ ದೂರನ್ನು ಪುಸ್ತಕದಲ್ಲಿ ದಾಖಲಿಸಲೇಬೇಕು. ಅದಕ್ಕೆ ಹಿಂಬರಹ ಕೇಳಿ ಪಡೆಯಿರಿ. ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಅಧಿಕಾರಿ ಅಗತ್ಯ ಕಂಡರೆ ನಾಯಿಯನ್ನು ವಶಕ್ಕೆ ಪಡೆದು ಪಶುವೈದ್ಯರ ತಪಾಸಣೆಗೆ ಕಳಿಸಬಹುದು ಎನ್ನುತ್ತದೆ ಪ್ರಾಣಿ ಹಿಂಸೆ ತಡೆ ಕಾಯ್ದೆಯ 34ನೇ ಕಲಂ. ಬೇಕಿದ್ದರೆ ಮೆತ್ತಗೆ ನೆನಪಿಸಿ. ದೂರಿನ ಇನ್ನೊಂದು ಪ್ರತಿ ಪಶುಪಾಲನಾ ಇಲಾಖೆಯ ತಾಲ್ಲೂಕು ಕಚೇರಿಗೆ, ಮತ್ತೊಂದು ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಹೋಗಲಿ. ನಿಮ್ಮ ಹತ್ತು ಪುಟಕ್ಕಿಂತ ಪಶುವೈದ್ಯರ ಎರಡು ಸಾಲಿನ ವರದಿಗೆ ಬೆಲೆ ಜಾಸ್ತಿ.

ಬೇಸಿಗೆ ಕಳೆಯಲಿ, ನೋಡೋಣ ಎಂದು ಮಾತ್ರ ಕೂರಬೇಡಿ. ಘಟನೆ ನಡೆದು ಮೂರು ತಿಂಗಳು ದಾಟಿದರೆ ಈ ಕಾಯ್ದೆಯಡಿ ಮೊಕದ್ದಮೆ ಹೂಡಲು ಬರುವುದಿಲ್ಲ.