ಸೆಲ್ಫ್ ಮರೆತ್ರೆ ಎಲ್ರೂ ಡಿಟೇನ್!

ಪೈಥಾನ್ ಲ್ಯಾಬ್ ಇಂಟರ್ನಲ್ಸ್ ಹತ್ತಿರ ಬಂತು. ಹೋದ ಸಲ ನಾನು ಅರ್ಧ ಗಂಟೆ ಒದ್ದಾಡಿದ ಒಂದು ವಿಷಯ ಇಲ್ಲಿ ಬರೀತಿದ್ದೀನಿ: ಕ್ಲಾಸ್ ಒಳಗಿನ ಒಂದು ಮೆಥಡ್‌ನಿಂದ ಅದೇ ಕ್ಲಾಸಿನ ಇನ್ನೊಂದು ಮೆಥಡ್ ಕರೆಯೋದು ಹೇಗೆ?

ನಮ್ಮೆಲ್ಲರ ತಲೆನೋವು ಅಟೆಂಡೆನ್ಸ್ ತಾನೆ, ಅದನ್ನೇ ಉದಾಹರಣೆ ತಗೊಳ್ಳೋಣ. (ಓದೋಕೆ ಸುಲಭ ಆಗ್ಲಿ ಅಂತ ಕೋಡನ್ನೂ ಕನ್ನಡ ಲಿಪಿಯಲ್ಲೇ ಹಾಕಿದ್ದೀನಿ. ಕ್ಲಾಸ್, ಡೆಫ್, ರಿಟರ್ನ್ ಇವನ್ನ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.)

ಕ್ಲಾಸ್ ಹಾಜರಿ:
    ಡೆಫ್ ಶೇಕಡಾ(ಸೆಲ್ಫ್):
        ರಿಟರ್ನ್ ಸೆಲ್ಫ್.ಬಂದ / ಸೆಲ್ಫ್.ನಡೆದ * 100
    ಡೆಫ್ ಅರ್ಹ(ಸೆಲ್ಫ್):
        ರಿಟರ್ನ್ ಸೆಲ್ಫ್.ಶೇಕಡಾ() >= 85

‘ಬಂದ’, ‘ನಡೆದ’ ಎರಡನ್ನೂ ಇನಿಟ್ ಮೆಥಡ್‌ನಲ್ಲಿ ಇಟ್ಟಿದ್ದೆ. ಡಿಫಾಲ್ಟ್ ಬೆಲೆ 0 ಮತ್ತು 40.

ನಾನು ಮೊದಲು ಕೊನೇ ಸಾಲಲ್ಲಿ ಬರೀ ಶೇಕಡಾ() ಅಂತ ಬರೆದಿದ್ದೆ. ಜಾವಾದಲ್ಲಿ ‘ದಿಸ್’ ಇಲ್ದೇನೂ ನಡೆಯುತ್ತಲ್ಲ, ಆ ಅಭ್ಯಾಸ. ಪೈಥಾನ್ ನೇಮ್ ಎರರ್ ಕೊಡ್ತು. ಎರಡು ಸಾಲು ಮೇಲೇ ಇದೆ, ಕಣ್ಣು ಕಾಣಲ್ವಾ ಅಂತ ಬೈಕೊಂಡೆ. ನಿಜ ಏನಂದ್ರೆ ಅದಕ್ಕೆ ಕಾಣೋದೇ ಇಲ್ಲ. ಮೆಥಡ್ ಒಳಗೆ ಒಂದು ಹೆಸರು ಸಿಕ್ಕಿದಾಗ ಪೈಥಾನ್ ಮೊದಲು ಆ ಫಂಕ್ಷನ್ ಒಳಗೆ, ಆಮೇಲೆ ಅದನ್ನ ಸುತ್ತುವರಿದ ಬೇರೆ ಫಂಕ್ಷನ್ ಇದ್ರೆ ಅಲ್ಲಿ, ಆಮೇಲೆ ಗ್ಲೋಬಲ್, ಕೊನೆಗೆ ಬಿಲ್ಟ್‌ಇನ್‌ಗಳಲ್ಲಿ ಹುಡುಕುತ್ತೆ. ಈ ದಾರಿಯಲ್ಲಿ ಕ್ಲಾಸ್ ಬರೋದೇ ಇಲ್ಲ. ಆಬ್ಜೆಕ್ಟ್ ಮೂಲಕ ಹೋದ್ರೆ ಮಾತ್ರ ಕ್ಲಾಸಿನ ಬಾಗಿಲು ತೆರೆಯುತ್ತೆ, ಆ ಆಬ್ಜೆಕ್ಟೇ ಸೆಲ್ಫ್.

ನಾವು ರಮ್ಯ.ಅರ್ಹ() ಅಂತ ಕರೆದ್ರೆ, ಪೈಥಾನ್ ಒಳಗಡೆ ಹಾಜರಿ.ಅರ್ಹ(ರಮ್ಯ) ಅನ್ನೋ ಥರ ನಡೆಸುತ್ತೆ. ರಮ್ಯನೇ ಸೆಲ್ಫ್ ಆಗಿ ಒಳಗೆ ಬರ್ತಾಳೆ. ಸೆಲ್ಫ್.ಶೇಕಡಾ() ಅಂದಾಗ ಅದೇ ರಮ್ಯ ಮುಂದಿನ ಮೆಥಡ್‌ಗೂ ಹೋಗ್ತಾಳೆ. ಅಂದಹಾಗೆ ಸೆಲ್ಫ್ ಕೀವರ್ಡ್ ಅಲ್ಲ, ಬರೀ ರೂಢಿ. ಪೈಥಾನ್ 3ರಲ್ಲಿ ಅದರ ಬದಲು ಎಲ್ಲಾ ಕಡೆ ‘ತಾನು’ ಅಂತ ಕನ್ನಡದಲ್ಲೇ ಬರೆದ್ರೂ ಓಡುತ್ತೆ. ಲ್ಯಾಬ್‌ನಲ್ಲಿ ಮಾತ್ರ ಬೇಡ!

ಈಗ ನನ್ನ ಘನಂದಾರಿ ಕೆಲಸ. ನೇಮ್ ಎರರ್ ಹೋಗ್ಲಿ ಅಂತ ಹಾಜರಿ().ಶೇಕಡಾ() ಅಂತ ಹಾಕ್ದೆ. ಎರರ್ ಹೋಯ್ತು, ಖುಷಿಯಾಯ್ತು. ಆದ್ರೆ 40ರಲ್ಲಿ 36 ಕ್ಲಾಸಿಗೆ ಬಂದವಳೂ ಅರ್ಹಳಲ್ಲ ಅಂತ ಬಂತು! ಅವಳದು ಶೇ 90. ಮೊದಲ ಬೆಂಚಿನವರೂ ಸೇರಿ ಎಲ್ರೂ ಡಿಟೇನ್. ಹಾಜರಿ() ಅಂದ ತಕ್ಷಣ ಹೊಸ ಆಬ್ಜೆಕ್ಟ್ ಹುಟ್ಟುತ್ತೆ, ಅದರ ‘ಬಂದ’ 0. ನಾನು ರಮ್ಯನ ಲೆಕ್ಕ ಕೇಳದೆ, ಆಗಷ್ಟೇ ಅಡ್ಮಿಷನ್ ಆದ ಯಾರದೋ ಲೆಕ್ಕ ಕೇಳ್ತಿದ್ದೆ. ಕೆಂಪು ಅಕ್ಷರದಲ್ಲಿ ಬೈಯೋ ಎರರ್‌ಗಿಂತ ಈ ಥರ ಸುಮ್ನಿರೋ ತಪ್ಪೇ ಅಪಾಯ.

ಬ್ರಾಕೆಟ್ ಮರೆಯೋದೂ ಇದೇ ಜಾತಿ. ಸೆಲ್ಫ್.ಶೇಕಡಾ >= 85 ಅಂದ್ರೆ ಮೆಥಡನ್ನೇ ಸಂಖ್ಯೆ ಜೊತೆ ಹೋಲಿಸಿದ ಹಾಗೆ. ಅಲ್ಲಿ ಟೈಪ್ ಎರರ್ ಬರುತ್ತೆ, ಬಚಾವ್. ಆದ್ರೆ ‘ಇಫ್ ರಮ್ಯ.ಅರ್ಹ:’ ಅಂತ ಬರೆದ್ರೆ ಎರರ್ ಇಲ್ಲ. ಮೆಥಡ್ ಅಲ್ಲಿ ಓಡೋದೇ ಇಲ್ಲ. ಮೆಥಡ್ ಅನ್ನೋದು ಇದ್ದೇ ಇದೆಯಲ್ಲ, ಹಾಗಾಗಿ ಇಫ್ ಅದನ್ನ ಟ್ರೂ ಅಂತಲೇ ತಗೊಳ್ಳುತ್ತೆ. ಆಗ ಒಂದು ದಿನವೂ ಕ್ಲಾಸಿಗೆ ಬರದವನಿಗೂ ಹಾಲ್ ಟಿಕೆಟ್ ಗ್ಯಾರಂಟಿ.