ಪಿಯೋನಿ ಬೈಲಹೊಂಗಲಕ್ಕೆ ಬಂದೀತೆ?

ಪ್ರಶ್ನೆ: ಮಗಳು ಅಮೆರಿಕದ ಮಿಶಿಗನ್‌ನಲ್ಲಿದ್ದಾಳೆ. ತನ್ನ ಅಂಗಳದ ಪಿಯೋನಿ ಹೂವನ್ನು ಫೋನಿನಲ್ಲಿ ತೋರಿಸಿದಳು, ಬೊಗಸೆ ತುಂಬುವಷ್ಟು ದೊಡ್ಡದು. ಬರುವಾಗ ಅದರ ಗಡ್ಡೆ ತಂದರೆ ನಮ್ಮಲ್ಲಿ ಬೆಳೆದೀತೆ? ನಮ್ಮದು ಸಣ್ಣ ಹಿತ್ತಲು, ಎರಿ ಮಣ್ಣು. ಮಲ್ಲಿಗೆ, ಗುಲಾಬಿ, ಸೇವಂತಿಗೆ ಈಗಲೇ ಒತ್ತೊತ್ತಾಗಿವೆ. ಯಾವುದನ್ನು ಕಿತ್ತು ಎಲ್ಲಿ ಹಚ್ಚಲಿ?
— ಓದುಗರೊಬ್ಬರು, ಬೈಲಹೊಂಗಲ

ಉತ್ತರ: ಗಡ್ಡೆ ಚಿಗುರಬಹುದು, ಹೂವಿನ ಆಸೆ ಬಿಡಿ. ಎಲ್ಲರೂ ನಮ್ಮ ಬಿಸಿಲನ್ನು ದೂರುತ್ತಾರೆ. ಪಿಯೋನಿಗೆ ನಿಜವಾದ ಅಡ್ಡಿ ನಮ್ಮ ಚಳಿಗಾಲ. ಬೇಸಿಗೆ ಕಳೆದ ಮೇಲೆ ಈ ಗಿಡದ ಎಲೆ, ಕಾಂಡ ಒಣಗಿ ಜೀವವೆಲ್ಲ ನೆಲದೊಳಗೆ ಸೇರುತ್ತದೆ. ಗಡ್ಡೆಯ ಕಣ್ಣುಗಳು ಎದ್ದು ಮೊಗ್ಗು ಕಟ್ಟಬೇಕಾದರೆ ಐದಾರು ವಾರವಾದರೂ 5 ಡಿಗ್ರಿ ಆಸುಪಾಸಿನ ಚಳಿ ಬೇಕು. ನಮ್ಮಲ್ಲಿ ಡಿಸೆಂಬರಿನ ನಸುಕಿಗೆ ಕಂಬಳಿ ಹುಡುಕುತ್ತೇವೆ, ನಿಜ. ಆದರೆ ಹೊತ್ತೇರಿದರೆ ಅಂಗಳದಲ್ಲಿ ಸಂಡಿಗೆ ಒಣಗಿಸುವಷ್ಟು ಬಿಸಿಲು. ಕುಂಡವನ್ನು ಫ್ರಿಜ್ಜಿನಲ್ಲಿಟ್ಟರಾಯಿತಲ್ಲ ಎಂದೀರಿ. ಇಡಬಹುದು, ಆಮೇಲೆ ಅದು ಕಣ್ಣು ಬಿಡುವುದು ಮಾರ್ಚಿನ ಬೈಲಹೊಂಗಲಕ್ಕೆ! ನಮ್ಮ ದೇಶದಲ್ಲಿ ಇದರ ಬಿಳಿ ಹೂವಿನ ಒಂದು ಜಾತಿ ಇದೆ, ಕಾಶ್ಮೀರದಿಂದ ಉತ್ತರಾಖಂಡದವರೆಗಿನ ಹಿಮಾಲಯದ ಕಾಡುಗಳಲ್ಲಿ. ಯುನಾನಿಯವರು ಊದ್ ಸಲೀಬ್ ಎಂದು ಕೊಡುವ ಬೇರು ಇದೇ ಕುಲದ್ದು.

ಸೂಟ್‌ಕೇಸಿನಲ್ಲಿ ಗಡ್ಡೆ ಇಟ್ಟುಕೊಂಡು ಬರಲಂತೂ ಹೇಳಬೇಡಿ. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಹೊರದೇಶದ ಗಿಡ, ಗಡ್ಡೆಗಳಿಗೆ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಮಗಳು ತನ್ನ ಅಂಗಳದಲ್ಲೇ ಗಿಡದ ಜಾಗ ಬದಲಿಸುವುದಾದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ ಅಗೆಯಲಿ. ಒಂದೊಂದು ತುಂಡಿಗೆ ಮೂರರಿಂದ ಐದು ಕಣ್ಣು ಇರಲಿ, ಗಿಡದಿಂದ ಗಿಡಕ್ಕೆ ಮೂರು ಅಡಿ ಬಿಡಲಿ. ಕಣ್ಣುಗಳ ಮೇಲೆ ಎರಡು ಇಂಚಿಗಿಂತ ಹೆಚ್ಚು ಮಣ್ಣು ಬೀಳಬಾರದು. ಆಳಕ್ಕೆ ಹೂತ ಪಿಯೋನಿ ವರ್ಷಗಟ್ಟಲೆ ಬರೀ ಎಲೆ ಬಿಡುತ್ತದೆ. ಸರಿಯಾಗಿ ಹಚ್ಚಿದರೂ ಒಂದೆರಡು ವರ್ಷ ಮುನಿಸಿಕೊಂಡೇ ಇರುತ್ತದೆ. ಸುಮ್ಮನೆ ಬಿಟ್ಟರೆ ಒಂದೇ ಜಾಗದಲ್ಲಿ ಐವತ್ತು ವರ್ಷ ಹೂ ಕೊಡುವ ಗಿಡ ಅದು.

ನಿಮ್ಮ ಸೇವಂತಿಗೆಯದು ಇದಕ್ಕೆ ತೀರ ಉಲ್ಟಾ ಸ್ವಭಾವ. ವರ್ಷವರ್ಷ ಕಿತ್ತು ಹಚ್ಚದಿದ್ದರೆ ಬುಡ ಬಲಿತು ಹೂ ಗುಂಡಿಯಷ್ಟಾಗುತ್ತದೆ. ಹಿತ್ತಲು ಒತ್ತಾಗಿರುವುದಕ್ಕೂ ಬಹುಶಃ ಇದೇ ಕಾರಣ. ಹೂವಿನ ಕಾಲ ಮುಗಿದ ಮೇಲೆ ಗಿಡವನ್ನು ನೆಲದಿಂದ ಗೇಣುದ್ದಕ್ಕೆ ಕತ್ತರಿಸಿ. ಬುಡದಲ್ಲಿ ಏಳುವ ಮರಿಗಳನ್ನು ಬೇರುಸಮೇತ ಬಿಡಿಸಿ ನೆರಳಿನ ಕುಂಡದಲ್ಲಿ ಬೇಸಿಗೆ ದಾಟಿಸಿ, ಮಳೆ ಹಿಡಿದಾಗ ಒಂದೊಂದು ಅಡಿ ಅಂತರಕ್ಕೆ ಹಚ್ಚಿ. ತಿಂಗಳಾದ ಮೇಲೆ ತುದಿ ಚಿವುಟಿ. ಹಳೆಯ ಬುಡಗಳನ್ನು ಮರುಕವಿಲ್ಲದೆ ತಿಪ್ಪೆಗೆ ಹಾಕಿ. ಇನ್ನೊಂದು ಮಾತು: ಬೀದಿದೀಪದ ಬೆಳಕು ಬೀಳುವ ಮೂಲೆ ಇದಕ್ಕೆ ಆಗದು. ರಾತ್ರಿ ಉದ್ದವಾದದ್ದು ತಿಳಿದ ಮೇಲೆಯೇ ಸೇವಂತಿಗೆ ಮೊಗ್ಗು ಕಟ್ಟುವುದು. ಹೂವನ್ನು ತಡಮಾಡಿಸಲು ಬೆಳೆಗಾರರು ಹೊಲದಲ್ಲಿ ರಾತ್ರಿ ಬಲ್ಬು ಉರಿಸುವುದೂ ಇದನ್ನು ನಂಬಿಯೇ. ದೀಪದ ಮಗ್ಗುಲಿಗೆ ಗುಲಾಬಿ ಹಚ್ಚಿ, ಅದಕ್ಕೆ ಬೆಳಕಿನ ಗೊಡವೆಯಿಲ್ಲ.

ಮಲ್ಲಿಗೆ ಕೀಳುವುದಕ್ಕೆ ಮಾತ್ರ ತಾಳ್ಮೆ ಬೇಕು. ಬೇಸಿಗೆಯ ಹೂ ಮುಗಿದು ಮಿರಗದ ಮಳೆ ಬೀಳುವವರೆಗೆ ಕಾಯಿರಿ. ಎರಿ ಮಣ್ಣು ಒಣಗಿದಾಗ ಕಲ್ಲು, ತೊಯ್ದಾಗ ಅಂಟು. ಹದ ಇರುವುದು ನಡುವಿನ ಎರಡು ಮೂರು ದಿನ. ಆ ಹದ ನೋಡಿ ಬುಡದಿಂದ ಒಂದೂವರೆ ಗೇಣು ದೂರದಲ್ಲಿ ಸುತ್ತ ಸಲಿಕೆ ಇಳಿಸಿ ಬೇರು ಕತ್ತರಿಸಿ, ಗಿಡ ಅಲ್ಲೇ ಇರಲಿ. ಎಂಟು ಹತ್ತು ದಿನದಲ್ಲಿ ಹೊಸ ಬೇರು ಒಡೆಯುತ್ತವೆ. ಆಮೇಲೆ ಟೊಂಗೆಗಳನ್ನು ಅರ್ಧಕ್ಕೆ ಕತ್ತರಿಸಿ, ಮಣ್ಣಿನ ಮುದ್ದೆ ಒಡೆಯದಂತೆ ಗೋಣಿತಟ್ಟಿನಲ್ಲಿ ಎತ್ತಿ, ಸಂಜೆ ಹೊತ್ತು ಹೊಸ ಗುಂಡಿಗೆ ಇಳಿಸಿ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ. ಒಂದು ವಾರ ಜೋಳದ ಕಣಿಕೆಯ ನೆರಳು ಕಟ್ಟಿ. ಗುಂಡಿಗೆ ಮಸಾರಿ ಮಣ್ಣು, ತಿಪ್ಪೆಗೊಬ್ಬರ ಬೆರೆಸಿ ಸುತ್ತಲ ನೆಲಕ್ಕಿಂತ ಅರ್ಧ ಅಡಿ ಎತ್ತರದ ಮಡಿ ಮಾಡಿದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುವುದು ತಪ್ಪುತ್ತದೆ. ಬಚ್ಚಲ ನೀರನ್ನು ಮಲ್ಲಿಗೆಗೆ ಹರಿಸಬೇಡಿ. ಮೊದಲೇ ಕ್ಷಾರದ ಮಣ್ಣು, ಮೇಲೆ ಸಾಬೂನು. ಎಲೆ ಹಳದಿಯಾಗಿ ನರಗಳಷ್ಟೇ ಹಸಿರುಳಿಯುತ್ತವೆ. ಆ ನೀರು ಬಾಳೆಗೆ ಹೋಗಲಿ.

ಈ ಲೆಕ್ಕ ನಿಮ್ಮೂರಿಗೆ. ಕಿತ್ತೂರಿನ ಕಡೆ ಮಳೆ ಜಾಸ್ತಿ, ಕೆಂಪು ಮಣ್ಣೂ ಸಿಗುತ್ತದೆ; ಅಲ್ಲಿಯವರಿಗೆ ಎತ್ತರದ ಮಡಿಯ ತಾಪತ್ರಯ ಕಡಿಮೆ. ಸವದತ್ತಿ, ರಾಮದುರ್ಗದಲ್ಲಿ ಜೂನ್ ಮಳೆಯನ್ನು ನೆಚ್ಚುವುದು ಕಷ್ಟ. ಅಲ್ಲಿ ಹುಬ್ಬಿ, ಉತ್ತರಿ ಮಳೆಗೆ, ಅಂದರೆ ಸೆಪ್ಟೆಂಬರಿಗೆ, ಮಲ್ಲಿಗೆ ಎತ್ತುವುದು ಮೇಲು.

ಬೊಗಸೆ ತುಂಬುವ ಹೂವೇ ಬೇಕೆಂದರೆ ಡೇಲಿಯಾ ಇದೆ. ಮಳೆಗಾಲದ ಕೊನೆಗೆ ಗಡ್ಡೆ ಹಚ್ಚಿದರೆ ಚಳಿಗಾಲಕ್ಕೆ ಹೂ. ಗಡ್ಡೆ ಕೊಳ್ಳುವಾಗ ಕುತ್ತಿಗೆಯಲ್ಲಿ ಕಣ್ಣು ಇದೆಯೇ ನೋಡಿ; ಕಣ್ಣಿಲ್ಲದ್ದು ಎಷ್ಟು ದಪ್ಪವಿದ್ದರೂ ಚಿಗುರದು. ಮಣ್ಣಿನ ಬಗ್ಗೆ ಅನುಮಾನವಿದ್ದರೆ ನಿಮ್ಮ ತಾಲ್ಲೂಕಿನ ಮತ್ತಿಕೊಪ್ಪದಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ, ಒಂದು ಚೀಲ ಮಣ್ಣು ಒಯ್ದು ಕೇಳಿ.